ಬೈಸ್ಕೊಂಡಿರೋ ಶೇರ್ ಬೇಡ, ಬೈಸ್ಕೊಂಡಿರೋ ಸೆಕ್ಟರ್ ತಗೊಳ್ಳಿ

ಶೇರು ಮಾರ್ಕೆಟ್ ಬಗ್ಗೆ ಮಾತಾಡೋರೆಲ್ಲ ಈಗ ಒಂದೇ ಫಾರ್ಮುಲಾ ಹೇಳ್ತಾರೆ. ಮುಕ್ಕಾಲು ಭಾಗ ದುಡ್ಡನ್ನ ನಿಫ್ಟಿ ಇಟಿಎಫ್‌ಗೆ (ಇಟಿಎಫ್ ಅಂದ್ರೆ ಒಂದು ಇಂಡೆಕ್ಸ್‌ನಲ್ಲಿರೋ ಎಲ್ಲ ಶೇರುಗಳ ಬುಟ್ಟಿ, ಒಂದೇ ಶೇರಿನ ಥರ ಮಾರ್ಕೆಟ್ಟಲ್ಲಿ ಸಿಗುತ್ತೆ) ಹಾಕಿ ಮರ್ತುಬಿಡಿ, ಉಳಿದಿದ್ರಲ್ಲಿ ನಿಮ್ಗೆ ಬೇಕಾದ ಶೇರ್ ತಗೊಂಡು ಆಟ ಆಡಿ, ಅದೂ ಚೆನ್ನಾಗಿ ಬಿದ್ದಿರೋದನ್ನ, ಯಾರಿಗೂ ಬೇಡದೇ ಇರೋದನ್ನ ಹುಡುಕಿ ತಗೊಳ್ಳಿ, ಅದೇ ಕಾಂಟ್ರಾ ಇನ್ವೆಸ್ಟಿಂಗ್ ಅಂತ. ಕೇಳೋಕೆ ಚೆನ್ನಾಗೇ ಇದೆ. ನಾನು ಮಾತ್ರ ಇದನ್ನ ಉಲ್ಟಾ ಮಾಡ್ತೀನಿ. ಜನ ಉಗೀತಿರೋ ಕಡೆ ದುಡ್ಡು ಹಾಕ್ಬೇಕು ಅನ್ಸಿದ್ರೆ ಅಲ್ಲಿ ನಂಗೆ ಇಟಿಎಫೇ ಬೇಕು, ಒಂದೇ ಒಂದು ಕಂಪನಿ ಶೇರ್ ತಗೊಳ್ಳೋದಾದ್ರೆ ಅದು ಬೀಳ್ತಾ ಇರೋ ಕಂಪನಿ ಆಗಿರ್ಬಾರ್ದು, ಅಥವಾ ಬಿದ್ರೂ ಸಾಯಲ್ಲ ಅಂತ ಬ್ಯಾಲೆನ್ಸ್ ಶೀಟ್ ನೋಡಿದ್ ತಕ್ಷಣ ಗೊತ್ತಾಗೋ ಥರ ಇರ್ಬೇಕು.

(ನಾನು ಸೆಬಿ ರಿಜಿಸ್ಟರ್ಡ್ ಅಡ್ವೈಸರ್ ಅಲ್ಲ, ಇದನ್ನ ಓದಿ ಯಾರೂ ನಾಳೆ ಬೆಳಗ್ಗೆ 9.15ಕ್ಕೆ ಆರ್ಡರ್ ಹಾಕೋಕೆ ಕೂತ್ಕೋಬೇಡಿ.)

ಯಾಕೆ ಉಲ್ಟಾ ಅಂತ ಹೇಳೋಕೆ 2018ಕ್ಕೆ ಹೋಗ್ಬೇಕು. ಆ ವರ್ಷ ಮೂರು ದೊಡ್ಡ ಪ್ರೈವೇಟ್ ಬ್ಯಾಂಕ್‌ಗಳಿಗೆ ಒಟ್ಟಿಗೇ ಗ್ರಹಚಾರ ಕೆಟ್ಟಿತ್ತು. ಐಸಿಐಸಿಐ ಬ್ಯಾಂಕ್‌ನಲ್ಲಿ ಚಂದಾ ಕೊಚ್ಚರ್ ಮೇಲೆ ವಿಡಿಯೋಕಾನ್ ಸಾಲದ ಆರೋಪ, ಅಕ್ಟೋಬರ್‌ನಲ್ಲಿ ಅವ್ರು ಹೊರಗೆ ಹೋದ್ರು. ಆಕ್ಸಿಸ್ ಬ್ಯಾಂಕ್‌ನಲ್ಲಿ ಶಿಖಾ ಶರ್ಮಾ ಅವ್ರ ಅವಧಿ ಮೊಟಕಾಗಿ ಡಿಸೆಂಬರ್‌ಗೇ ಮುಗೀತು. ಯೆಸ್ ಬ್ಯಾಂಕ್‌ನಲ್ಲಿ ರಾಣಾ ಕಪೂರ್‌ಗೆ ಆರ್‌ಬಿಐ ಜನವರಿ 2019ರ ತನಕ ಮಾತ್ರ ಟೈಮ್ ಕೊಡ್ತು, ಆ ಸುದ್ದಿ ಬಂದ ಮೇಲೆ ಮಾರ್ಕೆಟ್ ತೆರೆದ ಸೆಪ್ಟೆಂಬರ್ 21ನೇ ತಾರೀಕು ಒಂದೇ ದಿನದಲ್ಲಿ ಶೇರು ಹತ್ತಿರ ಹತ್ತಿರ 30 ಪರ್ಸೆಂಟ್ ಕುಸೀತು. ಮೂರರಲ್ಲೂ ಬಾಸ್ ಸಮಸ್ಯೆ, ಮೂರರಲ್ಲೂ ಕೆಟ್ಟ ಸಾಲದ ಲೆಕ್ಕ ಸರಿಯಾಗಿ ತೋರಿಸ್ತಿಲ್ಲ ಅನ್ನೋ ಗುಮಾನಿ. ಈಗ ಹಿಂದೆ ತಿರುಗಿ ನೋಡಿ ಐಸಿಐಸಿಐ ಒಳ್ಳೇದಿತ್ತು ಯೆಸ್ ಬ್ಯಾಂಕ್ ಕೆಟ್ಟಿತ್ತು ಅಂತ ಯಾರ್ ಬೇಕಾದ್ರೂ ಹೇಳ್ತಾರೆ, ಆದ್ರೆ ಆವತ್ತು ಎಷ್ಟೋ ಜನ ಬುದ್ಧಿವಂತರು ಯೆಸ್ ಬ್ಯಾಂಕೇ ಚೀಪ್ ಅಂತ ಅದನ್ನೇ ತಗೊಂಡ್ರು, ಯಾಕಂದ್ರೆ ಅದರ ಲಾಭದ ಬೆಳವಣಿಗೆ ಪೇಪರ್ ಮೇಲೆ ಎಲ್ಲಕ್ಕಿಂತ ಚೆಂದ ಕಾಣ್ತಿತ್ತು, ಮತ್ತೆ ಎಲ್ಲಕ್ಕಿಂತ ಜಾಸ್ತಿ ಬಿದ್ದಿದ್ದೂ ಅದೇ.

ಆಮೇಲೆ ಏನಾಯ್ತು ನೋಡಿ. 2018ರ ಮಧ್ಯದಲ್ಲಿ 300 ರೂಪಾಯಿ ಆಸುಪಾಸು ಓಡಾಡ್ತಿದ್ದ ಐಸಿಐಸಿಐ 2025ರಲ್ಲಿ 1,300 ದಾಟ್ತು. ಆಕ್ಸಿಸ್ ಸುಮಾರಾಗಿ ಡಬಲ್. ಯೆಸ್ ಬ್ಯಾಂಕ್ 2018ರ ಆಗಸ್ಟ್‌ನಲ್ಲಿ 400 ಮುಟ್ಟಿದ್ದು, 2020ರ ಮಾರ್ಚ್ 5ಕ್ಕೆ ಮೊರಟೋರಿಯಂ, ಅಕೌಂಟ್‌ನಲ್ಲಿ ಎಷ್ಟೇ ಇರ್ಲಿ 50,000ಕ್ಕಿಂತ ಜಾಸ್ತಿ ತೆಗೆಯಂಗಿಲ್ಲ, ಅದೇ ಜುಲೈನಲ್ಲಿ ಎಫ್‌ಪಿಒ (ಜನರಿಗೆ ಮತ್ತೆ ಹೊಸ ಶೇರ್ ಮಾರೋದು) ಬಂದಿದ್ದು 12 ರೂಪಾಯಿಗೆ. ಇದರ ಮಧ್ಯೆ ಇನ್ನೊಂದು ಏಟು ಇದೆ, ಅದನ್ನ ಜನ ಮರೀತಾರೆ. ಪುನಶ್ಚೇತನ ಸ್ಕೀಮ್‌ನಲ್ಲಿ 100 ಅಥವಾ ಅದಕ್ಕಿಂತ ಜಾಸ್ತಿ ಶೇರ್ ಇದ್ದೋರಿಗೆ 75 ಪರ್ಸೆಂಟ್ ಶೇರು ಮೂರು ವರ್ಷ ಲಾಕ್. ಅಂದ್ರೆ ಸೋತೆ ಅಂತ ಒಪ್ಪಿಕೊಂಡು ಮಾರಿ ಕೈ ತೊಳ್ಕೊಳ್ಳೋಣ ಅಂದ್ರೂ 2023ರ ಮಾರ್ಚ್ ತನಕ ಆಗ್ತಿರ್ಲಿಲ್ಲ.

ಈ ಮೂರನ್ನೂ ಒಟ್ಟಿಗೆ, ಸಮ ಸಮ ದುಡ್ಡು ಹಾಕಿ ತಗೊಂಡಿದ್ದ ಒಬ್ಬ ಮನುಷ್ಯನ್ನ ಊಹೆ ಮಾಡ್ಕೊಳ್ಳಿ. ಅವನಿಗೆ ಯಾವ ಬ್ಯಾಂಕ್ ಒಳ್ಳೇದು ಅಂತ ಗೊತ್ತೇ ಇಲ್ಲ. "ಈ ಪ್ರೈವೇಟ್ ಬ್ಯಾಂಕ್‌ಗಳನ್ನ ಜನ ಅತಿಯಾಗಿ ಬೈತಿದ್ದಾರೆ, ಇಷ್ಟು ಬೈಯ್ಯೋ ಅಷ್ಟು ಕೆಟ್ಟಿಲ್ಲ" ಅನ್ನೋದೊಂದೇ ಅವನ ಲೆಕ್ಕ. ಒಂದು ಭಾಗ ಪೂರ್ತಿ ಹೋಯ್ತು ಅಂದ್ಕೊಂಡ್ರೂ ಅವನ ದುಡ್ಡು ಎರಡು ಪಟ್ಟು ಆಗಿರುತ್ತೆ. ಅದೇ ಲೆಕ್ಕ, ಅದೇ ಧೈರ್ಯ ಇಟ್ಕೊಂಡು ಒಂದೇ ಶೇರ್ ಆರಿಸಿದ್ದೋನು ಬೀದಿಗೆ ಬಂದಿರ್ಬಹುದು. ವಿಷಯ ಸರಿ ಇದ್ದೂ ದುಡ್ಡು ಹೋಗೋದು ಅಂದ್ರೆ ಇದೇ, ಇದಕ್ಕಿಂತ ಹೊಟ್ಟೆ ಉರಿಸೋದು ಮಾರ್ಕೆಟ್ಟಲ್ಲಿ ಬೇರೆ ಇಲ್ಲ ಅಂತ ನನ್ ಅನಿಸಿಕೆ.

ಆವರೇಜ್ ಮಾಡೋ ವಿಷ್ಯನೂ ಇದಕ್ಕೇ ಅಂಟ್ಕೊಂಡಿದೆ. ಉಲ್ಟಾ ಹೋಗೋರು ಯಾರೂ ಕರೆಕ್ಟಾಗಿ ತಳದಲ್ಲಿ ತಗೊಳ್ಳಲ್ಲ, ತಗೊಂಡ್ ಮೇಲೆ ಇನ್ನೂ ಬೀಳುತ್ತೆ, ಆಗ ಇನ್ನೊಂಚೂರು ತಗೊಳ್ಳೋದು ಈ ಆಟದ ಭಾಗ. ಒಂದು ಕಂಪನಿಯಲ್ಲಿ ಇದನ್ನ ಮಾಡಿದ್ರೆ 350ಕ್ಕೆ ತಗೊಂಡು, 200ಕ್ಕೆ ತಗೊಂಡು, 100ಕ್ಕೆ ತಗೊಂಡು, 50ಕ್ಕೆ ಚಿನ್ನ ಅಡ ಇಟ್ಟು ತಗೊಂಡು ಹೋಗ್ತಾ ಇರ್ತೀರಿ, ಕೊನೆಗೆ ದಿವಾನ್ ಹೌಸಿಂಗ್ ಥರ ಶೇರಿನ ಬೆಲೆ ಸೊನ್ನೆ ಅಂತ ಆದೇಶ ಬರುತ್ತೆ. 2021ರಲ್ಲಿ ಪಿರಾಮಲ್ ಆ ಕಂಪನಿ ತಗೊಂಡಾಗ ಹಳೇ ಶೇರುದಾರರಿಗೆ ಒಂದು ಪೈಸೆ ಸಿಗ್ಲಿಲ್ಲ. ಜೆಟ್ ಏರ್‌ವೇಸ್ ಮತ್ತೆ ಹಾರುತ್ತೆ ಅಂತ ಐದು ವರ್ಷ ಕಾದೋರಿಗೆ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಲಿಕ್ವಿಡೇಶನ್ ಆರ್ಡರ್ ಕೊಡ್ತು. ಸೆಕ್ಟರ್ ಸೊನ್ನೆಗೆ ಹೋಗಲ್ಲ. ಹತ್ತು ಹನ್ನೆರಡು ಕಂಪನಿ ಇರೋ ಇಂಡೆಕ್ಸ್ 50 ಪರ್ಸೆಂಟ್ ಬೀಳುತ್ತೆ, 70 ಪರ್ಸೆಂಟೂ ಬೀಳ್ಬಹುದು, ಆದ್ರೆ ಒಳಗೆ ಸತ್ತಿದ್ದನ್ನ ಆರು ತಿಂಗಳಿಗೊಂದ್ಸಲ ತೆಗೆದು ಬದುಕಿರೋದನ್ನ ಹಾಕ್ತಾರೆ, ಹಾಗಾಗಿ ಅಲ್ಲಿ ಆವರೇಜ್ ಮಾಡೋಕೆ ಒಂದು ಅರ್ಥ ಇದೆ. ಇಟಿಎಫ್ ಒಳಗೇ ಈ ಮಾರಾಟ ಖರೀದಿ ಆಗೋದ್ರಿಂದ ನಮಗೆ ಆವಾಗಾವಾಗ ಕ್ಯಾಪಿಟಲ್ ಗೇನ್ ಟ್ಯಾಕ್ಸೂ ಬರಲ್ಲ, ನಾವು ಯೂನಿಟ್ ಮಾರಿದಾಗ ಮಾತ್ರ.

ಈಗ ನಮ್ಮೂರ ಕಡೆ ವಿಷ್ಯಕ್ಕೆ ಬರ್ತೀನಿ. ನಮ್ದು ಉಡುಪಿ ಕಡೆ, ಅಲ್ಲಿ ಬ್ಯಾಂಕ್ ಅಂದ್ರೆ ಬರೀ ಬ್ಯಾಂಕ್ ಅಲ್ಲ, ಮನೆ ದೇವರ ಲೆವೆಲ್ಲಿಗೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕ್, ಎಲ್ಲ ಮಂಗಳೂರು ಉಡುಪಿಯಲ್ಲೇ ಹುಟ್ಟಿದ್ದು. ಪ್ರತಿ ಮನೆಯಲ್ಲೂ ಯಾವುದೋ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡೋರು ಒಬ್ರು, ಇನ್ಯಾವುದರದ್ದೋ ಶೇರ್ ಇಟ್ಕೊಂಡೋರು ಒಬ್ರು. ನಮ್ ಚಿಕ್ಕಪ್ಪನ ಹತ್ರ ವಿಜಯಾ ಬ್ಯಾಂಕ್ ಶೇರ್ ಇತ್ತು. ಅವರು ಸುಮ್ನೆ ಅಭಿಮಾನಕ್ಕೆ ಇಟ್ಕೊಂಡೋರಲ್ಲ, ಪ್ರತಿ ಕ್ವಾರ್ಟರ್ ರಿಸಲ್ಟ್ ಪ್ರಿಂಟ್ ತೆಗೆಸಿ, ಎನ್‌ಪಿಎ (ಕೆಟ್ಟ ಸಾಲ) ಇರೋ ಸಾಲಿನ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದು, ಫೈಲ್‌ನಲ್ಲಿ ಹಾಕಿ ಇಡೋ ಮನುಷ್ಯ. 2018ರಲ್ಲಿ ಸರ್ಕಾರಿ ಬ್ಯಾಂಕ್‌ಗಳ ಪರಿಸ್ಥಿತಿ ಹೇಗಿತ್ತು ಅಂದ್ರೆ, ಫೆಬ್ರವರಿಯಲ್ಲಿ ನೀರವ್ ಮೋದಿ ಹಗರಣ ಹೊರಗೆ ಬಂತು, 21ರಲ್ಲಿ 11 ಬ್ಯಾಂಕ್ ಆರ್‌ಬಿಐನ ಪಿಸಿಎ, ಅಂದ್ರೆ ದುರ್ಬಲ ಬ್ಯಾಂಕ್‌ಗಳ ಮೇಲೆ ಹಾಕೋ ನಿರ್ಬಂಧದ ಅಡಿ ಇದ್ವು, 2017-18ಕ್ಕೆ ಎಲ್ಲ ಸರ್ಕಾರಿ ಬ್ಯಾಂಕ್ ಸೇರಿ ಸುಮಾರು 85,000 ಕೋಟಿ ನಷ್ಟ. ಆ 21ರಲ್ಲಿ ಲಾಭ ತೋರಿಸಿದ್ದು ಎರಡೇ ಎರಡು, ಇಂಡಿಯನ್ ಬ್ಯಾಂಕ್ ಮತ್ತೆ ವಿಜಯಾ ಬ್ಯಾಂಕ್.

ಅಂದ್ರೆ ಕಸದ ರಾಶಿಯಲ್ಲಿ ಒಳ್ಳೇದನ್ನ ಹುಡುಕಿ ತೆಗೀಬೇಕು ಅಂತ ಪುಸ್ತಕದಲ್ಲಿ ಏನು ಹೇಳ್ತಾರೋ ಚಿಕ್ಕಪ್ಪ ಅದನ್ನ ಅಕ್ಷರಶಃ ಮಾಡಿದ್ರು. 2018ರ ಸೆಪ್ಟೆಂಬರ್ 17ಕ್ಕೆ ಸರ್ಕಾರ ಅನೌನ್ಸ್ ಮಾಡ್ತು, ವಿಜಯಾ ಬ್ಯಾಂಕ್ ಮತ್ತೆ ದೇನಾ ಬ್ಯಾಂಕ್ ಎರಡೂ ಬ್ಯಾಂಕ್ ಆಫ್ ಬರೋಡಾ ಒಳಗೆ ಅಂತ. ದೇನಾ ಬ್ಯಾಂಕ್ ಆಗ ಪಿಸಿಎಯಲ್ಲಿದ್ದ ಬ್ಯಾಂಕು. ಜನವರಿಯಲ್ಲಿ ರೇಶಿಯೋ ಬಂತು, ವಿಜಯಾದ 1,000 ಶೇರಿಗೆ ಬರೋಡಾದ 402. ಆ ಹೊತ್ತಿನ ಮಾರ್ಕೆಟ್ ರೇಟ್ ಹಾಕಿ ನೋಡಿದ್ರೆ ಅದು ಸುಮಾರು 6 ಪರ್ಸೆಂಟ್ ಕಮ್ಮಿ.

"ಲಾಭದಲ್ಲಿ ಇದ್ದದ್ದೇ ಎರಡು ಬ್ಯಾಂಕ್ ಮಾರಾಯ, ಅದ್ರಲ್ಲಿ ಒಂದನ್ನು ತಗೊಂಡು ಹೋಗಿ ನಷ್ಟದವರ ಒಟ್ಟಿಗೆ ಕಟ್ಟಿದ್ರಲ್ಲ, ಮತ್ತೆ ನಾನು ಗೆರೆ ಎಳೆದದ್ದು ಎಂತಕ್ಕೆ?" ಅಂತ ಫೋನಲ್ಲಿ ಕೇಳಿದ್ರು.

ಅದಕ್ಕೆ ನನ್ ಹತ್ರ ಉತ್ತರ ಇರ್ಲಿಲ್ಲ. ಅವರ ಗೆರೆಯಲ್ಲಿ ಏನೂ ತಪ್ಪಿರ್ಲಿಲ್ಲ, ಬ್ಯಾಂಕ್ ನಿಜವಾಗ್ಲೂ ಚೆನ್ನಾಗಿತ್ತು, ಆದ್ರೆ ಒಂದೇ ಕಂಪನಿಯಲ್ಲಿ ಕೂತಾಗ ಕಂಪನಿಯ ಆಚೆಗಿನ ಒಂದು ಸಹಿ ಎಲ್ಲ ಲೆಕ್ಕ ಬದಲಾಯಿಸಿಬಿಡುತ್ತೆ. 2020ರಲ್ಲಿ ಸಿಂಡಿಕೇಟ್ ಕೆನರಾ ಒಳಗೆ ಹೋಯ್ತು, 1,000ಕ್ಕೆ 158. ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಒಳಗೆ, 1,000ಕ್ಕೆ 330. 2017ರಲ್ಲಿ 27 ಇದ್ದ ಸರ್ಕಾರಿ ಬ್ಯಾಂಕು 2020ರ ಏಪ್ರಿಲ್‌ಗೆ 12. ಯಾವುದು ಯಾವುದನ್ನ ನುಂಗುತ್ತೆ ಅಂತ ಮೊದಲೇ ಹೇಳೋಕೆ ದೆಹಲಿಯ ನಾರ್ತ್ ಬ್ಲಾಕ್‌ನಲ್ಲಿ, ಆಗಿನ ಹಣಕಾಸು ಇಲಾಖೆ ಆಫೀಸ್‌ನಲ್ಲಿ ಕೂತಿರ್ಬೇಕಿತ್ತು.

ಇಟಿಎಫ್ ಇದ್ದೋರಿಗೆ ಈ ತಲೆನೋವೇ ಇಲ್ಲ. ಸರ್ಕಾರಿ ಬ್ಯಾಂಕ್‌ಗಳದ್ದೇ ಇಟಿಎಫ್ ಒಂದು ಪಿಎಸ್‌ಯು ಬ್ಯಾಂಕ್ ಬೀಸ್ ಅಂತ 2007ರಿಂದನೇ ಇದೆ, ಬೆಂಚ್‌ಮಾರ್ಕ್ ಅನ್ನೋ ಕಂಪನಿ ತಂದಿದ್ದು, 2001ರ ಕೊನೆಗೆ ಭಾರತದ ಮೊದಲ ಇಟಿಎಫ್ ನಿಫ್ಟಿ ಬೀಸ್ ತಂದಿದ್ದೂ ಅವ್ರೇ, ಆಮೇಲೆ ಕೈ ಬದಲಾಗ್ತಾ ಬದಲಾಗ್ತಾ ಈಗ ನಿಪ್ಪಾನ್ ಹತ್ರ ಇದೆ. ಯಾವ ಬ್ಯಾಂಕ್ ಯಾವುದರ ಹೊಟ್ಟೆಗೆ ಹೋದ್ರೂ ಇಟಿಎಫ್‌ಗೆ ಒಂದೇ. ನಿಫ್ಟಿ ಪಿಎಸ್‌ಯು ಬ್ಯಾಂಕ್ ಇಂಡೆಕ್ಸ್ 2020ರಲ್ಲಿ 1,500ಕ್ಕಿಂತ ಕೆಳಗೆ ಬಿದ್ದಿತ್ತು, 2024ರ ಜೂನ್ 3ಕ್ಕೆ 8,000 ಮುಟ್ತು. ಆ ಹೊತ್ತಿಗೆ ಅದೇ 12 ಬ್ಯಾಂಕ್‌ಗಳು 2023-24ರಲ್ಲಿ 1.41 ಲಕ್ಷ ಕೋಟಿ ಲಾಭ ಮಾಡಿದ್ವು. (ಮಾರನೇ ದಿನ, ಎಲೆಕ್ಷನ್ ರಿಸಲ್ಟ್ ದಿನ, ಅದೇ ಇಂಡೆಕ್ಸ್ ಒಂದೇ ದಿನಕ್ಕೆ 15 ಪರ್ಸೆಂಟ್ ಬಿತ್ತು. ಅದೂ ನೆನಪಿರ್ಲಿ.)

ಚಿಕ್ಕಪ್ಪನ ಬರೋಡಾ ಶೇರೂ ಆಮೇಲೆ ಚೆನ್ನಾಗೇ ಏರ್ತು, ಅದನ್ನ ಮುಚ್ಚಿಡಲ್ಲ. ಆದ್ರೆ 2020ರಲ್ಲಿ ಅದು 40 ರೂಪಾಯಿ ಆಸುಪಾಸಿಗೆ ಬಂದಾಗ ಅವರು ತಡೀಲಿಕ್ಕಾಗದೆ ಅರ್ಧ ಮಾರಿದ್ರು. ಅವ್ರನ್ನ ದೂರೋಕಾಗಲ್ಲ. ಒಂದೇ ಶೇರ್ ಇದ್ದಾಗ ಪ್ರತಿ ಸುದ್ದಿನೂ ನಿಮ್ಮ ಮೇಲೇ ಬಂದಂಗೆ ಇರುತ್ತೆ, ಆಡಿಟರ್ ರಾಜೀನಾಮೆ, ಆರ್‌ಬಿಐ ಪೆನಾಲ್ಟಿ, ವಾಟ್ಸಾಪ್ ಗಾಸಿಪ್, ಎಲ್ಲ. ಹನ್ನೆರಡು ಇದ್ದಾಗ ಒಂದರ ಸುದ್ದಿ ಇನ್ನೊಂದರಲ್ಲಿ ಕರಗಿ ಹೋಗುತ್ತೆ.

ಇಷ್ಟೆಲ್ಲ ಹೊಗಳಿದ್ ಮೇಲೆ ಕಾಯೋ ವಿಷ್ಯ ಹೇಳ್ದೇ ಬಿಟ್ರೆ ಮೋಸ ಆಗುತ್ತೆ. ಪಿಎಸ್‌ಯು ಬ್ಯಾಂಕ್ ಇಂಡೆಕ್ಸ್ 2010ರ ಕೊನೆಗೆ ಮುಟ್ಟಿದ್ದ ಎತ್ತರವನ್ನ ಮತ್ತೆ ಮುಟ್ಟಿದ್ದು 2023ರಲ್ಲಿ. 2012ರಲ್ಲಿ "ಅಯ್ಯೋ ಎಷ್ಟು ಬಿದ್ದಿದೆ" ಅಂತ ತಗೊಂಡೋರು ಮಗು ಎಲ್‌ಕೆಜಿಯಿಂದ ಹೈಸ್ಕೂಲಿಗೆ ಹೋಗೋ ತನಕ ಕಾದ್ರು. ಸರ್ಕಾರಿ ಕಂಪನಿಗಳ ಸಿಪಿಎಸ್‌ಇ ಇಟಿಎಫ್ ಕಥೆನೂ ಹಂಗೇ, 2014ರ ಮಾರ್ಚ್‌ನಲ್ಲಿ ಸುಮಾರು 17 ರೂಪಾಯಿಗೆ ಸರ್ಕಾರ ಕೊಟ್ಟಿದ್ದು, 2020ರ ಅಕ್ಟೋಬರ್‌ನಲ್ಲಿ ನೋಡಿದ್ರೆ ಮತ್ತೆ ಅಲ್ಲೇ, ಆರು ವರ್ಷ ಡಿವಿಡೆಂಡ್ ಬಿಟ್ರೆ ಏನೂ ಇಲ್ಲ, ಮೇಲೆ ಸರ್ಕಾರನೇ ಆವಾಗಾವಾಗ ಡಿಸ್ಕೌಂಟ್‌ನಲ್ಲಿ ಇನ್ನಷ್ಟು ಯೂನಿಟ್ ತಂದು ಸುರೀತಿತ್ತು. ಆಮೇಲೆ ನಾಲ್ಕೇ ವರ್ಷದಲ್ಲಿ 90 ದಾಟ್ತು. ಬಿದ್ದಿದೆ ಅನ್ನೋದೊಂದೇ ಕಾರಣ ಸಾಲಲ್ಲ. ನಾನು ನೋಡೋದು ಬೇರೆ, ಕೆಟ್ಟ ಸುದ್ದಿ ಬಂದ್ರೂ ಬೀಳೋದು ನಿಂತಿದ್ಯಾ, ಕೆಟ್ಟ ಸಾಲ ಲೆಕ್ಕಕ್ಕೆ ಬಂದು ಮುಗೀತಾ ಅಥವಾ ಇನ್ನೂ ಕಾರ್ಪೆಟ್ ಕೆಳಗೆ ಇದ್ಯಾ. ಬ್ಯಾಂಕ್‌ಗಳಲ್ಲಿ ಆರ್‌ಬಿಐ 2015ರಿಂದ ಅಸೆಟ್ ಕ್ವಾಲಿಟಿ ರಿವ್ಯೂ ಅಂತ ಹಿಂಡಿ ಹಿಂಡಿ ಹೊರಗೆ ತೆಗೀತು, 2017ರ ಅಕ್ಟೋಬರ್‌ನಲ್ಲಿ 2.11 ಲಕ್ಷ ಕೋಟಿ ಬಂಡವಾಳ ಅನೌನ್ಸ್ ಆಯ್ತು, ಅದಾದ ಮೇಲೂ ಮೂರು ವರ್ಷ ಬೇಕಾಯ್ತು.

ಇನ್ನು ಇಟಿಎಫ್ ಅಂದ್ರೆ ಎಲ್ಲಾನೂ ಒಳ್ಳೇದು ಅಂತ ನಾನು ಹೇಳ್ತಿಲ್ಲ. ನಿಫ್ಟಿ ಇಟಿಎಫ್ ತಗೊಳ್ಳೋದ್ರಲ್ಲಿ ಉಲ್ಟಾ ಅನ್ನೋದು ಏನೂ ಇಲ್ಲ, ಏರಿದ್ದನ್ನ ಒಳಗೆ ತಗೊಳ್ಳೋದು ಬಿದ್ದಿದ್ದನ್ನ ಹೊರಗೆ ಹಾಕೋದು ಅದರ ಸ್ವಭಾವ. ಅದಾನಿ ಎಂಟರ್‌ಪ್ರೈಸಸ್ ನಿಫ್ಟಿಗೆ ಬಂದಿದ್ದು 2022ರ ಸೆಪ್ಟೆಂಬರ್ 30ಕ್ಕೆ, ನಾಲ್ಕು ತಿಂಗಳಿಗೆ ಅದಾನಿ ಗ್ರೂಪ್ ಮೇಲೆ ಮೋಸದ ಆರೋಪ ಹೊರಿಸಿದ ಹಿಂಡೆನ್‌ಬರ್ಗ್ ರಿಪೋರ್ಟ್. ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು 2009ರ ಜನವರಿ 7ಕ್ಕೆ ಪತ್ರ ಬರೆದು ಸುಳ್ಳು ಲೆಕ್ಕ ತೋರ್ಸಿದ್ದನ್ನ ಒಪ್ಪಿಕೊಂಡ ಮೇಲೆ ಆ ಜಾಗಕ್ಕೆ ನಿಫ್ಟಿಯವ್ರು ರಿಲಯನ್ಸ್ ಕ್ಯಾಪಿಟಲ್ ತಂದ್ರು, ಸೆನ್ಸೆಕ್ಸ್‌ನವ್ರು ಸನ್ ಫಾರ್ಮಾ ತಂದ್ರು. ಒಂದು 2021ರಲ್ಲಿ ದಿವಾಳಿ ಕೋರ್ಟ್‌ಗೆ ಹೋಯ್ತು, ಇನ್ನೊಂದು ದೇಶದ ಅತಿ ದೊಡ್ಡ ಔಷಧಿ ಕಂಪನಿ. ಇಂಡೆಕ್ಸ್ ಮಾಡೋರಿಗೂ ಭವಿಷ್ಯ ಗೊತ್ತಿಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನಂಗೆ ಸಿಕ್ಕಿಲ್ಲ, ಆದ್ರೂ ಆ ತಪ್ಪು ಇಂಡೆಕ್ಸ್‌ಗೆ ಒಂದು ಸಣ್ಣ ಗೀರು ಅಷ್ಟೇ.

ನಿಜವಾಗ್ಲೂ ಹುಷಾರಾಗಿರ್ಬೇಕಾದ್ದು ಹೊಸದಾಗಿ ಬರೋ ಥೀಮ್ ಇಟಿಎಫ್, ಥೀಮ್ ಇಂಡೆಕ್ಸ್ ಫಂಡ್‌ಗಳ ಹತ್ರ. ಜನ ಕೇಳಿದಾಗ್ಲೇ ಫಂಡ್ ಕಂಪನಿ ಅದನ್ನ ತರೋದು, ಜನ ಕೇಳೋದು ಅದು ಏರಿದ್ ಮೇಲೆ. ಡಿಫೆನ್ಸ್ ಇಂಡೆಕ್ಸ್ ಫಂಡ್ ಬಂದಿದ್ದು 2024ರ ಜೂನ್‌ನಲ್ಲಿ, ಎಚ್‌ಎಎಲ್ ಬಿಇಎಲ್ ಎಲ್ಲ ಆಕಾಶದಲ್ಲಿದ್ದಾಗ, ಜುಲೈನಿಂದ ಇಳಿಯೋಕೆ ಶುರು. ಅಮೆರಿಕದಲ್ಲಿ ಇದರ ಮೇಲೆ ಸಂಶೋಧನೆನೂ ಆಗಿದೆ, ಬೆನ್ ಡೇವಿಡ್ ಮತ್ತೆ ಅವರ ಜೊತೆಯವ್ರು ಸ್ಪೆಷಲ್ ಇಟಿಎಫ್‌ಗಳು ಶುರುವಾದ ಮೇಲಿನ ವರ್ಷಗಳನ್ನ ಲೆಕ್ಕ ಹಾಕಿ, ರಿಸ್ಕ್‌ಗೆ ಹೊಂದಿಸಿ ನೋಡಿದ್ರೆ ವರ್ಷಕ್ಕೆ ಸುಮಾರು 6 ಪರ್ಸೆಂಟ್ ಹಿಂದೆ ಬೀಳ್ತವೆ ಅಂತ ತೋರ್ಸಿದ್ದಾರೆ. ಹಾಗಾಗಿ ನಂಗೆ ಬೇಕಾಗಿರೋದು ಹತ್ತು ಹದಿನೈದು ವರ್ಷದಿಂದ ಧೂಳು ತಿಂತಾ ಕೂತಿರೋ ಇಟಿಎಫ್, ಎನ್‌ಎಫ್‌ಒ (ಹೊಸ ಫಂಡ್) ಜಾಹೀರಾತು ಬರ್ತಿರೋದಲ್ಲ.

ಒಂದೇ ಶೇರ್ ತಗೊಂಡು ಉಲ್ಟಾ ಹೋಗೋಕೆ ನಾನು ಒಪ್ಪೋ ಸಂದರ್ಭ ಅಂದ್ರೆ 2020ರ ಐಟಿಸಿ ಥರದ್ದು. ಸೋಶಿಯಲ್ ಮೀಡಿಯಾ ತುಂಬ ಮೀಮ್, ಸಿಗರೇಟ್ ಕಂಪನಿ ಅಂತ ವಿದೇಶಿ ಫಂಡ್‌ಗಳಿಗೆ ಬೇಡ, ಶೇರು 170ರ ಆಸುಪಾಸು. ಆದ್ರೆ ಸಾಲ ಅನ್ನೋದೇ ಇಲ್ಲ, ಆ ವರ್ಷ ಡಿವಿಡೆಂಡೇ 10 ರೂಪಾಯಿ 15 ಪೈಸೆ, ಬ್ಯಾಂಕ್ ಎಫ್‌ಡಿ ಬಡ್ಡಿ ಅಷ್ಟು. ಅಲ್ಲಿದ್ದ ಪ್ರಶ್ನೆ ಯಾವಾಗ ಏರುತ್ತೆ ಅನ್ನೋದು ಮಾತ್ರ. ಬ್ಯಾಂಕು, ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಸಾಲ ಕೊಡೋ ಕಂಪನಿ), ಏರ್‌ಲೈನ್, ರಿಯಲ್ ಎಸ್ಟೇಟ್, ಹೀಗೆ ಬೇರೆಯವರ ದುಡ್ಡಲ್ಲಿ ನಡಿಯೋ ಬಿಸಿನೆಸ್‌ನಲ್ಲಿ ಈ ಭರವಸೆ ಸಿಗಲ್ಲ.

ಕೊಳ್ಳೋ ರೀತಿ ಬಗ್ಗೆ ಒಂದೆರಡು ಮಾತು, ಇದ್ರಲ್ಲೇ ತುಂಬ ಜನ ದುಡ್ಡು ಚೆಲ್ಲೋದು. ಯಾರಿಗೂ ಬೇಡದ ಇಟಿಎಫ್ ಅಂದ್ಮೇಲೆ ಕೊಳ್ಳೋರು ಮಾರೋರೂ ಕಮ್ಮಿ. ಉದಾಹರಣೆಗೆ ಸ್ಕ್ರೀನ್ ಮೇಲೆ ಐಎನ್‌ಎವಿ, ಅಂದ್ರೆ ಒಳಗಿರೋ ಶೇರುಗಳ ಆ ಕ್ಷಣದ ಬೆಲೆ, 71.40 ಇರುತ್ತೆ, ಮಾರೋನು 72.10 ಕೇಳ್ತಿರ್ತಾನೆ, ಆ ರೇಟಿಗೆ ಅವನ ಹತ್ರ ಇರೋದೇ ನೂರಿಪ್ಪತ್ತು ಯೂನಿಟ್, ಅದರ ಮೇಲೆ 72.80. ಮಾರ್ಕೆಟ್ ಆರ್ಡರ್ ಒತ್ತಿದ್ರೆ ಒಂದೂವರೆ ಎರಡು ಪರ್ಸೆಂಟ್ ಅಲ್ಲೇ ಹೋಯ್ತು. ಬೆಳಗ್ಗೆ ಮೊದಲ ಅರ್ಧ ಗಂಟೆ ಬಿಟ್ಟು, ಎಎಂಸಿ (ಫಂಡ್ ಕಂಪನಿ) ವೆಬ್‌ಸೈಟ್‌ನಲ್ಲಿ ಐಎನ್‌ಎವಿ ತೆಗೆದಿಟ್ಕೊಂಡು, 71.45ಕ್ಕಿಂತ ಜಾಸ್ತಿ ಕೊಡಲ್ಲ ಅಂತ ಲಿಮಿಟ್ ಆರ್ಡರ್ ಹಾಕಿ ಸುಮ್ನೆ ಕೂತ್ರೆ ಬಹಳಷ್ಟು ಸಲ ಮಾರ್ಕೆಟ್ ಮೇಕರ್ (ಇಟಿಎಫ್ ಕೊಂಡು ಮಾರೋಕೆ ಅಂತಲೇ ಇರೋ ವ್ಯಾಪಾರಿ) ಬಂದು ಕೊಟ್ಟು ಹೋಗ್ತಾನೆ. ಜನ ಮುಗಿಬಿದ್ದ ಕಡೆ ಇದೇ ತದ್ವಿರುದ್ಧ, 2025ರ ಧನ್‌ತೇರಸ್ ಹೊತ್ತಿಗೆ ಬೆಳ್ಳಿ ಇಟಿಎಫ್‌ಗಳು ಅಸಲಿ ಬೆಲೆಗಿಂತ ಸಿಕ್ಕಾಪಟ್ಟೆ ಪ್ರೀಮಿಯಂನಲ್ಲಿ ಓಡ್ತಿದ್ವು, ಕೆಲವು ಫಂಡ್ ಹೌಸ್‌ಗಳು ಬೆಳ್ಳಿ ಫಂಡ್‌ನಲ್ಲಿ ಒಟ್ಟಿಗೆ ದುಡ್ಡು ತಗೊಳ್ಳೋದನ್ನೇ ನಿಲ್ಲಿಸಿದ್ವು, ಆದ್ರೂ ಜನ ತಗೊಳ್ತಾನೇ ಇದ್ರು. ನಾಸ್ಡಾಕ್ ಇಟಿಎಫ್‌ಗಳದ್ದೂ ಅದೇ ಕಥೆ, ವಿದೇಶಕ್ಕೆ ಹೋಗೋ ದುಡ್ಡಿಗೆ ಮಿತಿ ಇರೋದ್ರಿಂದ ಹೊಸ ಯೂನಿಟ್ ಹುಟ್ಟಲ್ಲ, ಇರೋದಕ್ಕೇ ಕಿತ್ತಾಟ.

ಈಗ ಬೈಸ್ಕೊಳ್ತಿರೋ ಸೆಕ್ಟರ್ ಯಾವುದು ಅಂತ ಕೇಳಿದ್ರೆ ಬೆಂಗಳೂರಲ್ಲಿ ಕೂತು ಬೇರೆ ಹೆಸರು ಹೇಳೋದೇ ಬೇಡ, ಐಟಿ. ಎಐ ಬಂದು ಎಲ್ಲರ ಕೆಲಸ ತಿನ್ನುತ್ತೆ ಅಂತ ಭಯ, 2025ರಲ್ಲಿ ಟಿಸಿಎಸ್ 12,000 ಜನನ್ನ ತೆಗೀತೀನಿ ಅಂತು, ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌1ಬಿ ವೀಸಾಗೆ ಒಂದು ಲಕ್ಷ ಡಾಲರ್ ಫೀ, ನಿಫ್ಟಿ ಐಟಿ ಆ ವರ್ಷ ಪೂರ್ತಿ ಒದ್ದಾಡ್ತು. ನನ್ನ ರೂಲ್ ಪ್ರಕಾರ ಇದು ಕರೆಕ್ಟ್ ಕ್ಯಾಂಡಿಡೇಟ್, ಸಾಲ ಇಲ್ಲದ ಕಂಪನಿಗಳು, ಕೈಯಲ್ಲಿ ದುಡ್ಡು, ಇನ್ಫೋಸಿಸ್ ಅಂತೂ 18,000 ಕೋಟಿ ಬೈಬ್ಯಾಕ್ ಮಾಡ್ತು. ಯಾವ ಕಂಪನಿ ಎಐ ದಾಟಿ ಉಳಿಯುತ್ತೆ ಅಂತ ಗೊತ್ತಿಲ್ಲ ಅನ್ನೋ ಕಾರಣಕ್ಕೇ ಇಲ್ಲಿ ಇಟಿಎಫ್ ಸರಿ ಹೋಗುತ್ತೆ. ಆದ್ರೆ ನಾನು ತಗೊಂಡಿಲ್ಲ. ನನ್ ಸಂಬಳ ಐಟಿಯಿಂದ, ನನ್ ಹೆಂಡ್ತಿ ಸಂಬಳ ಐಟಿಯಿಂದ, ಹೋಮ್ ಲೋನ್ ಕಟ್ತಿರೋ ಫ್ಲ್ಯಾಟ್ ಬೆಲೆ ನಿಂತಿರೋದೂ ಔಟರ್ ರಿಂಗ್ ರೋಡ್‌ನಲ್ಲಿ ಐಟಿ ಆಫೀಸ್‌ಗಳು ತುಂಬಿರೋವರೆಗೆ. ಐಟಿ ಇನ್ನೂ ಬಿದ್ರೆ ಆವರೇಜ್ ಮಾಡೋಕೆ ದುಡ್ಡು ಬೇಕಾಗೋ ಅದೇ ತಿಂಗಳು ನನ್ ಕೆಲಸ ಹೋಗಿರುತ್ತೆ. ನನ್ ಭಾವ ಶಿವಮೊಗ್ಗದಲ್ಲಿ ಡೆಂಟಿಸ್ಟು, ಅವ್ರು ಹೋದ ವರ್ಷದಿಂದ ಪ್ರತಿ ತಿಂಗಳು ಐಟಿ ಬೀಸ್ ಅನ್ನೋ ಐಟಿ ಇಟಿಎಫ್ ಸ್ವಲ್ಪ ಸ್ವಲ್ಪ ತಗೊಳ್ತಿದ್ದಾರೆ, ನಾನೂ ಬೇಡ ಅಂದಿಲ್ಲ.